‘ಮೀನುಗಾರರು ಕಡಲಿಗೆ ಇಳಿಯಬಾರದು’ ಅಂದರೆ ಎಲ್ಲಿ, ಯಾವಾಗ, ಯಾಕೆ? ರೇಡಿಯೊ ಎಚ್ಚರಿಕೆ ಅರ್ಥ ಮಾಡಿಕೊಳ್ಳುವ ಬಗೆ

ರೇಡಿಯೊ ವಾರ್ತೆ ಮುಗಿಯುವ ಹೊತ್ತಿಗೆ ಹವಾಮಾನದ ಜೊತೆ ಒಂದು ಸಾಲು ಬರುತ್ತದೆ. ಕರ್ನಾಟಕ ಕರಾವಳಿಯಲ್ಲಿ ಗಂಟೆಗೆ ಇಷ್ಟು ಕಿಲೋಮೀಟರ್ ವೇಗದಲ್ಲಿ ಗಾಳಿ ಬೀಸಲಿದೆ, ಮೀನುಗಾರರು ಕಡಲಿಗೆ ಇಳಿಯಬಾರದು ಅಂತ. ಅಂಗಡಿಯಲ್ಲಿ ಕೂತವರು ‘ಓಹೋ, ಹಾಗಾದ್ರೆ ನಾಳೆ ಮೀನಿಲ್ಲ’ ಅಂದು ಮುಂದಿನ ಗಿರಾಕಿ ಕಡೆ ತಿರುಗುತ್ತಾರೆ. ಆದರೆ ಅದೇ ಹೊತ್ತಿಗೆ ದಡದಿಂದ ಎಂಬತ್ತು, ತೊಂಬತ್ತು ಕಿಲೋಮೀಟರ್ ಆಚೆ ಬಲೆ ಬಿಟ್ಟು ಕೂತ ಬೋಟಿನವರಿಗೆ ಆ ಮಾತು ಕೇಳಿಸಿದೆಯೇ? ಕಡಲಿನ ಎಚ್ಚರಿಕೆಯ ಇಡೀ ವಿಷಯ ನಿಂತಿರುವುದು ಈ ಪ್ರಶ್ನೆಯ ಮೇಲೆ.

ಗಂಗೊಳ್ಳಿ, ಕೋಡಿ, ಮರವಂತೆ, ಕೊಡೇರಿ, ಉಪ್ಪುಂದ, ಶಿರೂರು ಅಂತ ನಮ್ಮ ಕಡೆ ಹೆಚ್ಚುಕಡಿಮೆ ಪ್ರತಿ ಊರಿನಲ್ಲೂ ಕಡಲಿಗೆ ಹೋಗುವ ಮನೆಗಳಿವೆ. ಮೀನು ಹಿಡಿಯದವರೂ ಐಸ್, ಡೀಸೆಲ್, ಬಲೆ, ದಿನಸಿ ವ್ಯಾಪಾರದ ಮೂಲಕ ಅದೇ ಕಡಲನ್ನು ನಂಬಿದವರು. ಹಾಗಾಗಿ ಈ ಎಚ್ಚರಿಕೆ ಯಾರು ಕೊಡುತ್ತಾರೆ, ಅದರ ಮಾತುಗಳಿಗೆ ಏನರ್ಥ, ಅದು ಎಲ್ಲಿಯವರೆಗೆ ಹೋಗಿ ಎಲ್ಲಿ ನಿಲ್ಲುತ್ತದೆ ಎಂಬುದನ್ನು ಒಂದೇ ಕಡೆ ಇಟ್ಟುಕೊಳ್ಳಲು ಈ ಬರಹ.

ಎಚ್ಚರಿಕೆ ಹೊರಡುವುದು ಎಲ್ಲಿಂದ?

ನಮ್ಮ ದೇಶದಲ್ಲಿ ಬಿರುಗಾಳಿ ಎಚ್ಚರಿಕೆ ಶುರುವಾದದ್ದು ಹಡಗುಗಳಿಗಾಗಿ. 1864ರಲ್ಲಿ ಕಲ್ಕತ್ತಾಕ್ಕೆ ಭಾರೀ ಚಂಡಮಾರುತ ಬಡಿಯಿತು. ಮರುವರ್ಷ, ಅಂದರೆ 1865ರಲ್ಲಿ, ಆ ಬಂದರಿಗೆ ಎಚ್ಚರಿಕೆ ಕೊಡುವ ವ್ಯವಸ್ಥೆ ಬಂತು. ಭಾರತೀಯ ಹವಾಮಾನ ಇಲಾಖೆ ಸ್ಥಾಪನೆಯಾದದ್ದು ಅದಾದ ಹತ್ತು ವರ್ಷಕ್ಕೆ, 1875ರಲ್ಲಿ.

ಇವತ್ತು ಮೀನುಗಾರರ ಎಚ್ಚರಿಕೆಯನ್ನು ಬರೆಯುವುದು ಹವಾಮಾನ ಇಲಾಖೆಯೇ. ಕರ್ನಾಟಕ ಕರಾವಳಿ ಮೊದಲು ಚೆನ್ನೈ ಕೇಂದ್ರದ ವ್ಯಾಪ್ತಿಯಲ್ಲಿತ್ತು. 2017ರ ಓಖಿ ಚಂಡಮಾರುತದ ನಂತರ, 2018ರಲ್ಲಿ ತಿರುವನಂತಪುರದಲ್ಲಿ ಕೇರಳ ಮತ್ತು ಕರ್ನಾಟಕದ ಕಡೆ ನೋಡಿಕೊಳ್ಳಲು ಪ್ರತ್ಯೇಕ ಚಂಡಮಾರುತ ಎಚ್ಚರಿಕೆ ಕೇಂದ್ರ ಆರಂಭವಾಯಿತು. ಜಿಲ್ಲಾವಾರು ಮಳೆ ಮುನ್ಸೂಚನೆ ಬರುವುದು ಬೆಂಗಳೂರಿನ ಹವಾಮಾನ ಕೇಂದ್ರದಿಂದ. ಅಲೆಯ ಎತ್ತರ, ಕಡಲು ಉಕ್ಕುವ ಮುನ್ಸೂಚನೆ ಮತ್ತು ಸುನಾಮಿ ಎಚ್ಚರಿಕೆ ಕೊಡುವುದು ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ. ‘ಮಂಗಳೂರಿನಿಂದ ಕಾರವಾರದವರೆಗೆ ಮೂರು ಮೀಟರ್ ಎತ್ತರದ ಅಲೆ’ ಅಂತ ಕೇಳುತ್ತೇವಲ್ಲ, ಆ ಲೆಕ್ಕ ಇವರದು.

ಈ ಮಾಹಿತಿ ಆಕಾಶವಾಣಿ, ಟಿವಿ, ಜಿಲ್ಲಾಡಳಿತ, ಮೀನುಗಾರಿಕೆ ಇಲಾಖೆ, ಬಂದರು ಕಚೇರಿ, ಕೋಸ್ಟ್ ಗಾರ್ಡ್ ಮತ್ತು ಕರಾವಳಿ ಕಾವಲು ಪೊಲೀಸರಿಗೆ ಹೋಗಿ, ಅಲ್ಲಿಂದ ಊರಿಗೆ ಬರುತ್ತದೆ. ನಮ್ಮ ಮೊಬೈಲಿಗೆ ಬರುವ ಫಾರ್ವರ್ಡ್ ಮೆಸೇಜ್ ಈ ಸರಪಳಿಯ ಕೊನೇ ತುದಿ. ಎಷ್ಟೋ ಸಲ ಅದು ಹೋದ ವರ್ಷದ್ದೂ ಆಗಿರುತ್ತದೆ. ಓದುವ ಮೊದಲು ದಿನಾಂಕ ನೋಡಿ.

ಮಾತಿನ ಅರ್ಥ ತಿಳಿಯೋಣ

ಉದಾಹರಣೆಗೆ ಎಚ್ಚರಿಕೆ ಹೀಗಿರುತ್ತದೆ ಅಂದುಕೊಳ್ಳಿ: ಕರ್ನಾಟಕ ಕರಾವಳಿ ಮತ್ತು ಅದರಾಚೆಯ ಕಡಲಿನಲ್ಲಿ ಗಂಟೆಗೆ 45ರಿಂದ 55 ಕಿ.ಮೀ., ಕೆಲವೊಮ್ಮೆ 65 ಕಿ.ಮೀ. ವೇಗದ ಗಾಳಿ. ಈ ಒಂದು ಸಾಲಿನಲ್ಲಿ ಮೂರು ವಿಷಯಗಳಿವೆ.

ಒಂದು, ಜಾಗ. ‘ಕರಾವಳಿ ಮತ್ತು ಅದರಾಚೆಯ ಕಡಲು’ ಅಂದರೆ ದಡದ ಪಕ್ಕ ಮಾತ್ರವಲ್ಲ, ಆಳಸಮುದ್ರ ಬೋಟು ಹೋಗುವ ಜಾಗವೂ ಸೇರಿತು. ‘ಪೂರ್ವ ಮಧ್ಯ ಅರಬ್ಬಿ ಸಮುದ್ರ’ ಅಂದರೆ ನಮ್ಮ ಕರಾವಳಿ, ಗೋವಾ ಮತ್ತು ದಕ್ಷಿಣ ಮಹಾರಾಷ್ಟ್ರಕ್ಕೆ ಪಡುವಲ್ಲಿರುವ ಕಡಲು. ‘ಆಗ್ನೇಯ ಅರಬ್ಬಿ ಸಮುದ್ರ’ ಅಂದರೆ ಕೇರಳ, ಲಕ್ಷದ್ವೀಪದ ಕಡೆ. ದಡದಲ್ಲಿ ಬಿಸಿಲಿದ್ದರೂ ಆಚೆ ಗಾಳಿ ಇರಬಹುದು. ಎಚ್ಚರಿಕೆ ಯಾವ ಜಾಗಕ್ಕೆ ಅಂತ ಮೊದಲು ಕೇಳಿಕೊಳ್ಳಬೇಕು.

ಎರಡು, ಗಾಳಿ. 45–55 ಎನ್ನುವುದು ಬೀಸುತ್ತಲೇ ಇರುವ ಗಾಳಿ. 65 ಅಂದರೆ ನಡುನಡುವೆ ಹೊಡೆಯುವ ರಭಸ. 45ಕ್ಕೂ 65ಕ್ಕೂ ಇಪ್ಪತ್ತೇ ವ್ಯತ್ಯಾಸ ಅಂತ ತೋರುತ್ತದೆ. ಆದರೆ ಗಾಳಿಯ ಒತ್ತಡ ವೇಗದ ವರ್ಗದ ಲೆಕ್ಕದಲ್ಲಿ ಏರುತ್ತದೆ. ಹಾಗಾಗಿ 65ರ ಗಾಳಿ ಬೋಟನ್ನು ತಳ್ಳುವ ಬಲ 45ರ ಎರಡು ಪಟ್ಟು. ಇನ್ನೊಂದು ವಿಷಯ, ಬೋಟಿನ ಜಿಪಿಎಸ್ ನಾಟ್ ಲೆಕ್ಕದಲ್ಲಿ ತೋರಿಸುತ್ತದೆ, ರೇಡಿಯೊ ಕಿಲೋಮೀಟರ್ ಹೇಳುತ್ತದೆ. ಒಂದು ನಾಟ್ ಅಂದರೆ ಗಂಟೆಗೆ 1.852 ಕಿ.ಮೀ. 45 ಕಿ.ಮೀ. ಅಂದರೆ ಸುಮಾರು 24 ನಾಟ್.

ಮೂರು, ಅವಧಿ. ಹವಾಮಾನ ಇಲಾಖೆ ಐದು ದಿನಗಳ ಮೀನುಗಾರರ ಎಚ್ಚರಿಕೆಯನ್ನು ದಿನ ದಿನಕ್ಕೆ ಬೇರೆಬೇರೆಯಾಗಿ ಕೊಡುತ್ತದೆ. ಹತ್ತು ದಿನಕ್ಕೆ ಐಸ್ ತುಂಬಿಸಿಕೊಂಡು ಹೊರಡುವ ತಾಂಡೇಲ ನಾಳಿನ ಹವೆ ನೋಡಿದರೆ ಸಾಲದು, ಐದನೇ ದಿನದ್ದೂ ನೋಡಬೇಕು.

ಅಲೆಯ ಲೆಕ್ಕ

‘ಮೂರು ಮೀಟರ್ ಅಲೆ’ ಅಂದರೆ ಪ್ರತಿ ಅಲೆಯೂ ಮೂರು ಮೀಟರ್ ಅಂತಲ್ಲ. ಬರುವ ಅಲೆಗಳಲ್ಲಿ ದೊಡ್ಡದಾದ ಮೂರನೇ ಒಂದು ಭಾಗವನ್ನು ತೆಗೆದು ಅದರ ಸರಾಸರಿ ಹೇಳುತ್ತಾರೆ. ಅಪರೂಪಕ್ಕೆ ಬರುವ ಒಂಟಿ ಅಲೆ ಅದರ ಎರಡು ಪಟ್ಟಿನ ಹತ್ತಿರಕ್ಕೂ ಹೋಗಬಹುದು. ಮೂರು ಮೀಟರ್ ಎಂದು ಕೇಳಿದವರು ಆರು ಮೀಟರಿನ ಅಲೆಗೂ ಸಿದ್ಧವಾಗಿರಬೇಕು.

ಕಡಲಿನ ಸ್ಥಿತಿಗೂ ಅಳತೆ ಇದೆ. 1.25ರಿಂದ 2.5 ಮೀಟರ್ ಅಲೆ ಇದ್ದರೆ ‘ಮಧ್ಯಮ’, 2.5ರಿಂದ 4 ಮೀಟರ್ ಇದ್ದರೆ ‘ಪ್ರಕ್ಷುಬ್ಧ’, 4ರಿಂದ 6 ಮೀಟರ್ ಇದ್ದರೆ ‘ತೀವ್ರ ಪ್ರಕ್ಷುಬ್ಧ’. ವಾರ್ತೆಯಲ್ಲಿ ಬರುವ ‘ಕಡಲು ಪ್ರಕ್ಷುಬ್ಧ’ ಎಂಬುದು ಸುಮ್ಮನೆ ಆಡುವ ಮಾತಲ್ಲ, ಅದರ ಹಿಂದೆ ಒಂದು ಅಳತೆ ಇದೆ.

ನಾಡದೋಣಿಯವರಿಗೆ ಇದು ಹೆಚ್ಚು ಮುಖ್ಯ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟುಗಳಿಗೆ ಮತ್ತು 10 ಎಚ್.ಪಿ.ಗಿಂತ ಹೆಚ್ಚಿನ ಎಂಜಿನ್ ಇರುವ ದೋಣಿಗಳಿಗೆ ನಿಷೇಧವಿರುತ್ತದೆ. ಹಾಗಾಗಿ ಮಳೆಗಾಲದ ಕಡಲಿಗೆ ಇಳಿಯುವವರು ಸಣ್ಣ ದೋಣಿಯವರೇ. ಅಳಿವೆ ಬಾಗಿಲಿನಲ್ಲಿ ನೀರು ಆಳ ಕಡಿಮೆ, ಅಲೆ ಅಲ್ಲೇ ಒಡೆಯುತ್ತದೆ. ಇಳಿತದ ಹೊತ್ತಿನಲ್ಲಿ ಹೊಳೆ ನೀರು ರಭಸದಿಂದ ಹೊರಗೆ ಹೋಗುವಾಗ ಎದುರಿನಿಂದ ಬರುವ ಅಲೆ ಇನ್ನೂ ಕಡಿದಾಗಿ ಏಳುತ್ತದೆ. ಆಚೆ ಕಡಲಿನಲ್ಲಿ ತಡೆದುಕೊಂಡ ದೋಣಿ ದಡ ಕಣ್ಣಿಗೆ ಕಾಣುವಾಗ ಮಗುಚುವುದು ಹೀಗೆ.

ಇನ್ನೊಂದು ಬಗೆಯ ಎಚ್ಚರಿಕೆಯೂ ಇದೆ. ಮಳೆಗಾಲಕ್ಕೆ ಮೊದಲು, ಏಪ್ರಿಲ್–ಮೇ ಹೊತ್ತಿಗೆ, ಇಲ್ಲಿ ಗಾಳಿಯೇ ಇಲ್ಲದೆ ಕಡಲು ಉಕ್ಕಿ ದಡಕ್ಕೆ ಬರುತ್ತದೆ. ಕೇರಳದಲ್ಲಿ ಇದನ್ನು ಕಳ್ಳಕ್ಕಡಲ್ ಅನ್ನುತ್ತಾರೆ, ಅಂದರೆ ಕಳ್ಳನ ಹಾಗೆ ಬರುವ ಕಡಲು. ಹಿಂದೂ ಮಹಾಸಾಗರದ ದಕ್ಷಿಣ ತುದಿಯಲ್ಲಿ ಎದ್ದ ಬಿರುಗಾಳಿಯ ಅಲೆ ಸಾವಿರಾರು ಕಿಲೋಮೀಟರ್ ದಾಟಿ ಬಂದು ಇಲ್ಲಿ ಬಡಿಯುತ್ತದೆ. ಆಕಾಶ ನೋಡಿ ಹವೆ ಹೇಳುವ ಹಿರಿಯರ ಅನುಭವಕ್ಕೂ ಇದು ಸಿಗುವುದು ಕಷ್ಟ. ಇದಕ್ಕೆ ಮುನ್ಸೂಚನೆಯನ್ನೇ ನಂಬಬೇಕು.

ಅಲೆಯ ಎಚ್ಚರಿಕೆಯಲ್ಲಿ ‘ಸಂಜೆ 5.30ರಿಂದ’, ‘ರಾತ್ರಿ 11.30ರವರೆಗೆ’ ಅಂತ ವಿಚಿತ್ರ ಸಮಯ ಯಾಕೆ ಇರುತ್ತದೆ ಅಂತ ಕೆಲವರು ಕೇಳುತ್ತಾರೆ. ಲೆಕ್ಕ ಹಾಕುವುದು ಅಂತರರಾಷ್ಟ್ರೀಯ ಸಮಯದಲ್ಲಿ. ಅಲ್ಲಿನ 12 ಗಂಟೆ, 18 ಗಂಟೆಗೆ ಐದೂವರೆ ಗಂಟೆ ಸೇರಿಸಿದರೆ ನಮ್ಮ ಸಮಯ.

ಸಿಗ್ನಲ್ ನಂಬರ್ 3 ಅಂದರೇನು?

ಮಂಗಳೂರು, ಕಾರವಾರ ಬಂದರಿನಲ್ಲಿ ‘ಮೂರನೇ ನಂಬರ್ ಸಿಗ್ನಲ್ ಏರಿಸಲಾಗಿದೆ’ ಎಂಬ ಸುದ್ದಿ ಆಗಾಗ ಬರುತ್ತದೆ. ಹಗಲಿನಲ್ಲಿ ಶಂಕು ಮತ್ತು ಡೋಲಿನ ಆಕಾರಗಳನ್ನು ಕಂಬಕ್ಕೇರಿಸಿ, ರಾತ್ರಿ ಕೆಂಪು–ಬಿಳಿ ದೀಪ ಹಚ್ಚಿ ಹಡಗುಗಳಿಗೆ ತಿಳಿಸುವ ಹಳೆಯ ಪದ್ಧತಿ ಇದು. ಒಟ್ಟು 11 ಸಂಖ್ಯೆಗಳಿವೆ.

1 – ದೂರದ ಕಡಲಿನಲ್ಲಿ ವಾಯುಭಾರ ಕುಸಿತವಿದೆ.
2 – ದೂರದ ಕಡಲಿನಲ್ಲಿ ಚಂಡಮಾರುತ ಎದ್ದಿದೆ.
3 – ಬಂದರಿಗೇ ಬಿರುಸಿನ ಗಾಳಿಮಳೆಯ ಭಯವಿದೆ.
4 – ಬಂದರಿಗೆ ಬಿರುಗಾಳಿಯ ಭಯವಿದೆ, ಆದರೆ ಇನ್ನೂ ದೊಡ್ಡ ಅಪಾಯದ ಮಟ್ಟಕ್ಕೆ ಹೋಗಿಲ್ಲ.
5, 6, 7 – ಅಪಾಯ.
8, 9, 10 – ಮಹಾ ಅಪಾಯ.
11 – ಎಚ್ಚರಿಕೆ ಕೇಂದ್ರದ ಜೊತೆ ಸಂಪರ್ಕವೇ ಕಡಿದಿದೆ.

ಇದರಲ್ಲಿ 1 ಮತ್ತು 2 ಬಂದರು ಬಿಟ್ಟು ಹೊರಡುವ ಹಡಗುಗಳಿಗೆ, 3ರಿಂದ ಮುಂದಿನದು ಬಂದರಿಗೆ. ಹಾಗಾಗಿ ಆಳಸಮುದ್ರಕ್ಕೆ ಹೋಗುವವರು ‘ಬರೀ ಎರಡನೇ ನಂಬರ್’ ಅಂತ ಹಗುರವಾಗಿ ನೋಡಬಾರದು. ಅವರು ಹೋಗುವ ಕಡೆಯೇ ಚಂಡಮಾರುತ ಇದೆ ಅಂತ ಅದರರ್ಥ.

ಚಂಡಮಾರುತ ಅಂತ ಹೆಸರು ಬರುವುದು ಗಾಳಿ ಗಂಟೆಗೆ 62 ಕಿ.ಮೀ. ಮುಟ್ಟಿದ ಮೇಲೆ. 89 ದಾಟಿದರೆ ತೀವ್ರ ಚಂಡಮಾರುತ, 118 ದಾಟಿದರೆ ಅತಿ ತೀವ್ರ. ಆದರೆ ದೋಣಿ ಮುಳುಗಲು ಚಂಡಮಾರುತವೇ ಬೇಕಾಗಿಲ್ಲ. ಗಾಳಿ 45 ಕಿ.ಮೀ. ಮುಟ್ಟುವ ಹೊತ್ತಿಗೇ ಮೀನುಗಾರರ ಎಚ್ಚರಿಕೆ ಬರುವುದು ಅದಕ್ಕೇ.

ಮಾತು ಎಷ್ಟು ದೂರ ಹೋಗುತ್ತದೆ?

ಎಲ್ಲ ರೇಡಿಯೊವೂ ಒಂದೇ ಅಲ್ಲ. ಎಫ್‌ಎಂ, ಮೊಬೈಲ್ ಮತ್ತು ಬೋಟಿನ ವೈರ್‌ಲೆಸ್ ಸೆಟ್ಟಿನ ಅಲೆಗಳು ಹೆಚ್ಚುಕಡಿಮೆ ಕಣ್ಣಿನ ನೋಟದ ಹಾಗೆ ನೇರ ಹೋಗುತ್ತವೆ. ಭೂಮಿ ಬಾಗಿರುವುದರಿಂದ ಸ್ವಲ್ಪ ದೂರದ ಆಚೆ ಅವು ದೋಣಿಯ ತಲೆ ಮೇಲೆಯೇ ಹಾದು ಹೋಗುತ್ತವೆ. ನಾಲ್ಕು ಮೀಟರ್ ಎತ್ತರದಲ್ಲಿ ಆಂಟೆನಾ ಇರುವ ಎರಡು ಬೋಟುಗಳ ನಡುವೆ ವೈರ್‌ಲೆಸ್ ಮಾತು ಸಿಗುವುದು ಸುಮಾರು 16 ಕಿ.ಮೀ. ದೂರಕ್ಕೆ. ದಡದಲ್ಲಿ ನೂರು ಮೀಟರ್ ಎತ್ತರದ ಟವರ್ ಇದ್ದರೆ ಸುಮಾರು 50 ಕಿ.ಮೀ. ಸಿಗಬಹುದು. ಐವತ್ತು ನಾಟಿಕಲ್ ಮೈಲು ಅಂದರೆ 93 ಕಿ.ಮೀ. ಆಚೆ ಇರುವ ಬೋಟಿಗೆ ಇದು ಯಾವುದೂ ಮುಟ್ಟುವುದಿಲ್ಲ.

ಮೀಡಿಯಂ ವೇವ್ ರೇಡಿಯೊ ಬೇರೆ. ಅದರ ಅಲೆ ಉಪ್ಪು ನೀರಿನ ಮೇಲ್ಮೈಯನ್ನು ಹಿಡಿದುಕೊಂಡು, ಭೂಮಿ ಬಾಗಿದ ಹಾಗೆ ಬಾಗಿ ಸಾಗುತ್ತದೆ. ಮನೆಯ ಹಿಂದಿನ ಗುಡ್ಡದಾಚೆ ಸರಿಯಾಗಿ ಕೇಳದ ನಿಲ್ದಾಣ ಕಡಲಿನಲ್ಲಿ ಸ್ಪಷ್ಟವಾಗಿ ಕೇಳಬಹುದು. ಮಂಗಳೂರು ಆಕಾಶವಾಣಿ ಆರಂಭವಾದ 1976ರಿಂದ ಎಷ್ಟೋ ಬೋಟುಗಳಲ್ಲಿ ಸಣ್ಣ ಟ್ರಾನ್ಸಿಸ್ಟರ್ ಒಂದು ಸಲಕರಣೆಯೇ ಆಗಿತ್ತು. ಮೊಬೈಲ್ ಬಂದ ಮೇಲೆ ಅದು ಮೂಲೆ ಸೇರಿತು. ಆದರೆ ಮೊಬೈಲ್ ಸಿಗ್ನಲ್ ಹೋದ ಮೇಲೂ ಕೇಳಿಸಬಲ್ಲದ್ದು ಅದೇ.

ದೊಡ್ಡ ಹಡಗುಗಳಿಗೆ ಇದೇ ತತ್ವದ ಮೇಲೆ ನಾವ್‌ಟೆಕ್ಸ್ ಎಂಬ ವ್ಯವಸ್ಥೆ ಇದೆ. 518 ಕಿಲೋಹರ್ಟ್ಸ್‌ನಲ್ಲಿ, ಅಂದರೆ ಮೀಡಿಯಂ ವೇವ್ ಪಟ್ಟಿಗಿಂತ ಸ್ವಲ್ಪ ಕೆಳಗೆ, ಎಚ್ಚರಿಕೆಯನ್ನು ಅಕ್ಷರ ರೂಪದಲ್ಲಿ ಕಳಿಸುತ್ತಾರೆ. ಹಡಗಿನ ಯಂತ್ರ ಅದನ್ನು ತಾನಾಗಿ ಮುದ್ರಿಸುತ್ತದೆ ಅಥವಾ ಪರದೆ ಮೇಲೆ ತೋರಿಸುತ್ತದೆ. ಪ್ರತಿ ನಿಲ್ದಾಣಕ್ಕೂ ನಾಲ್ಕು ಗಂಟೆಗೊಮ್ಮೆ ಹತ್ತು ನಿಮಿಷದ ಸರದಿ. ಬೇಡದ ಸಂದೇಶಗಳನ್ನು ಬಂದ್ ಮಾಡಿಡಬಹುದು, ಆದರೆ ಬಿರುಗಾಳಿ ಎಚ್ಚರಿಕೆ ಮತ್ತು ರಕ್ಷಣಾ ಕರೆಯನ್ನು ಬಂದ್ ಮಾಡಲು ಯಂತ್ರ ಬಿಡುವುದಿಲ್ಲ. ಭಾರತದ ಕರಾವಳಿಯ ನಾವ್‌ಟೆಕ್ಸ್ ನಿಲ್ದಾಣಗಳಲ್ಲಿ ನಮಗೆ ಹತ್ತಿರದ್ದು ಗೋವಾದಾಚೆ ಮಹಾರಾಷ್ಟ್ರದ ವೆಂಗುರ್ಲಾದಲ್ಲಿದೆ. ಆದರೆ ಇದು ಬರುವುದು ಇಂಗ್ಲಿಷಿನಲ್ಲಿ, ಯಂತ್ರ ಇರುವುದು ಹಡಗುಗಳಲ್ಲಿ. ನಮ್ಮ ಟ್ರಾಲ್ ಬೋಟಿಗೆ, ನಾಡದೋಣಿಗೆ ಇದರಿಂದ ನೇರ ಪ್ರಯೋಜನ ಕಡಿಮೆ.

ಓಖಿ ತೋರಿಸಿದ ಕೊರತೆ

2017ರ ನವೆಂಬರ್ 29ರಂದು ಶ್ರೀಲಂಕಾ ಹತ್ತಿರ ಇದ್ದ ವಾಯುಭಾರ ಕುಸಿತ ಮರುದಿನ ಬೆಳಿಗ್ಗೆ ಹೊತ್ತಿಗೆ ಕನ್ಯಾಕುಮಾರಿ ಪಕ್ಕ ಓಖಿ ಚಂಡಮಾರುತವಾಗಿತ್ತು. ಕೇರಳ, ತಮಿಳುನಾಡಿನ ಆಳಸಮುದ್ರ ಬೋಟುಗಳು ಅದಕ್ಕೆ ಎಷ್ಟೋ ದಿನ ಮೊದಲೇ ಹೊರಟಿದ್ದವು. ದಡದಲ್ಲಿ ಎಚ್ಚರಿಕೆ ಬಂದಾಗ ಅವರ ಮೊಬೈಲಿಗೆ ಸಿಗ್ನಲ್ ಇರಲಿಲ್ಲ. ಇನ್ನೂರಕ್ಕೂ ಹೆಚ್ಚು ಮೀನುಗಾರರು ಸತ್ತರು ಅಥವಾ ಕಾಣೆಯಾದರು. ‘ಕಡಲಿಗೆ ಇಳಿಯಬೇಡಿ’ ಎಂಬ ಮಾತು ದಡದಲ್ಲಿದ್ದವರಿಗೆ. ಆಗಲೇ ಕಡಲಿನಲ್ಲಿದ್ದವರಿಗೆ ಬೇಕಿದ್ದದ್ದು ‘ವಾಪಸ್ ಬನ್ನಿ, ಈ ದಿಕ್ಕಿಗೆ ಬನ್ನಿ’ ಎಂಬ ಮಾತು. ಅದನ್ನು ಮುಟ್ಟಿಸುವ ದಾರಿ ಇರಲಿಲ್ಲ.

ಮುಟ್ಟಿಸಿದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಕಡೆಯದೇ ಉದಾಹರಣೆ ಇದೆ. 2019ರ ಅಕ್ಟೋಬರಿನಲ್ಲಿ ಅರಬ್ಬಿ ಸಮುದ್ರದಲ್ಲಿ ಕ್ಯಾರ್ ಚಂಡಮಾರುತ ಎದ್ದಾಗ ಹೊರರಾಜ್ಯದ ಬೋಟುಗಳೂ ಸೇರಿ ಹಲವು ಬೋಟುಗಳು ಕಾರವಾರ ಬಂದರಿಗೆ ಬಂದು ನಿಂತವು. ಕ್ಯಾರ್ ಮುಂದೆ ಸೂಪರ್ ಸೈಕ್ಲೋನ್ ಆಯಿತು.

ಸಂಪರ್ಕ ತಪ್ಪುವುದು ಅಂದರೇನು ಅಂತ ಉಡುಪಿ ಜಿಲ್ಲೆಗೆ ಬೇರೆ ಯಾರೂ ಹೇಳಬೇಕಿಲ್ಲ. 2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಏಳು ಜನರೊಂದಿಗೆ ಹೊರಟ ಸುವರ್ಣ ತ್ರಿಭುಜ ಬೋಟು ಕಾಣೆಯಾಯಿತು. ಮಹಾರಾಷ್ಟ್ರದ ಮಾಲ್ವಣ ಬಳಿ ಕಡಲ ತಳದಲ್ಲಿ ಅದರ ಅವಶೇಷ ಸಿಕ್ಕಿದ್ದು 2019ರ ಮೇನಲ್ಲಿ. ಅದು ಹವಾಮಾನದ ಪ್ರಕರಣ ಅಂತ ಇಲ್ಲಿ ಹೇಳುತ್ತಿಲ್ಲ. ಆದರೆ ನಡುಕಡಲಿನ ಬೋಟಿನಿಂದ ಒಂದು ಮಾತು ದಡಕ್ಕೆ ಬರದಿದ್ದರೆ ಮನೆಯವರು ಎಷ್ಟು ತಿಂಗಳು ಕಾಯಬೇಕಾಗುತ್ತದೆ ಎಂಬುದನ್ನು ಇಡೀ ಕರಾವಳಿ ನೋಡಿದೆ.

ಈಗ ಏನೇನು ಸಾಧನ ಇದೆ?

ಜೆಮಿನಿ: 2019ರ ಅಕ್ಟೋಬರಿನಲ್ಲಿ ಬಂದದ್ದು. ಉಪಗ್ರಹದ ಮೂಲಕ ಇನ್‌ಕಾಯ್ಸ್ ಎಚ್ಚರಿಕೆಯನ್ನು ಹಿಡಿದು ಬ್ಲೂಟೂತ್‌ನಲ್ಲಿ ಮೊಬೈಲಿಗೆ ಕೊಡುತ್ತದೆ. ಮೊಬೈಲ್ ಟವರ್ ಬೇಕಿಲ್ಲ. ಆದರೆ ಇದು ಕೇಳಿಸಿಕೊಳ್ಳುವ ಸಾಧನ ಮಾತ್ರ, ಇದರಿಂದ ತಿರುಗಿ ಮಾತಾಡಲು ಆಗುವುದಿಲ್ಲ.

ಡಾಟ್: ಇಸ್ರೊ ಮಾಡಿದ ಅಪಾಯ ಸೂಚಕ. ಗುಂಡಿ ಒತ್ತಿದರೆ ಬೋಟು ಇರುವ ಜಾಗ ಉಪಗ್ರಹದ ಮೂಲಕ ಬೆಂಗಳೂರಿನ ಕೇಂದ್ರಕ್ಕೆ, ಅಲ್ಲಿಂದ ಕೋಸ್ಟ್ ಗಾರ್ಡ್‌ಗೆ ಹೋಗುತ್ತದೆ. ಹಳೆಯದರಲ್ಲಿ ನಮ್ಮ ಕರೆ ಮುಟ್ಟಿತೋ ಇಲ್ಲವೋ ಗೊತ್ತಾಗುತ್ತಿರಲಿಲ್ಲ. 2024ರ ಜನವರಿಯಲ್ಲಿ ಬಂದ ಎರಡನೇ ತಲೆಮಾರಿನ ಡಾಟ್‌ನಲ್ಲಿ ‘ಸಂದೇಶ ಸಿಕ್ಕಿದೆ’ ಅಂತ ಉತ್ತರ ಬರುತ್ತದೆ, ಚಂಡಮಾರುತದ ಎಚ್ಚರಿಕೆಯೂ ಬರುತ್ತದೆ.

ಟ್ರಾನ್ಸ್‌ಪಾಂಡರ್: 2024ರ ಆಗಸ್ಟಿನಲ್ಲಿ ಶುರುವಾದ ಕೇಂದ್ರದ ಯೋಜನೆ. ದೇಶದ ಒಂದು ಲಕ್ಷ ಬೋಟುಗಳಿಗೆ ಅಳವಡಿಸುವ ಗುರಿ. ಉಪಗ್ರಹದ ಮೂಲಕ ಎರಡೂ ಕಡೆಯಿಂದ ಸಣ್ಣ ಸಂದೇಶ ಕಳಿಸಬಹುದು.

ಸಾಧನ ಇದ್ದರೆ ಸಾಲದು. ಬ್ಯಾಟರಿ ಚಾರ್ಜ್ ಇರಬೇಕು, ತಾಂಡೇಲನಿಗೆ ಮಾತ್ರವಲ್ಲ, ಕನಿಷ್ಠ ಇಬ್ಬರು ಕಲಾಸಿಗಳಿಗೂ ಬಳಸಲು ಬರಬೇಕು.

ಅಪಾಯ ಬಂದರೆ ವೈರ್‌ಲೆಸ್‌ನಲ್ಲಿ ಏನು ಹೇಳಬೇಕು?

ವಿಎಚ್‌ಎಫ್ ಸೆಟ್ಟಿನಲ್ಲಿ 16ನೇ ಚಾನಲ್ ಇಡೀ ಪ್ರಪಂಚಕ್ಕೆ ಅಪಾಯದ ಕರೆಯ ಚಾನಲ್. ಜೀವಕ್ಕೆ ಅಪಾಯವಿದ್ದರೆ ‘ಮೇಡೇ’ ಅಂತ ಮೂರು ಸಲ ಹೇಳಬೇಕು. ಆಮೇಲೆ ಬೋಟಿನ ಹೆಸರು, ಜಿಪಿಎಸ್ ಜಾಗ, ಏನಾಗಿದೆ, ಎಷ್ಟು ಜನ ಇದ್ದಾರೆ, ಇದನ್ನು ಇದೇ ಕ್ರಮದಲ್ಲಿ ಹೇಳಿ. ಎಂಜಿನ್ ಕೆಟ್ಟಿದೆ, ಆದರೆ ತಕ್ಷಣ ಮುಳುಗುವ ಭಯವಿಲ್ಲ ಅಂದರೆ ‘ಪ್ಯಾನ್ ಪ್ಯಾನ್’. ಮಾತು ಕನ್ನಡದಲ್ಲೋ ತುಳುವಿನಲ್ಲೋ ಇದ್ದರೂ ಆ ಒಂದು ಶಬ್ದ ಮತ್ತು ಜಾಗದ ಅಂಕಿ ಸಾಕು, ಹತ್ತಿರದ ಹಡಗಿಗೆ ಅರ್ಥವಾಗುತ್ತದೆ. 16ನೇ ಚಾನಲಿನಲ್ಲಿ ಹಾಡು, ಹರಟೆ, ಮೀನಿನ ರೇಟು ಮಾತಾಡುವುದು ಇನ್ನೊಬ್ಬರ ಕೂಗನ್ನು ಮುಚ್ಚಿದ ಹಾಗೆ.

ದಡದಲ್ಲಿರುವ ನಾವು

ಎಚ್ಚರಿಕೆಯ ದಿನ ಗಾಳಿ ಬರದೇ ಹೋದರೆ ಒಂದು ದಿನದ ದುಡಿಮೆ ಹೋಯಿತು ಅಂತ ಬೇಸರ ಸಹಜ. ದೊಡ್ಡ ಕಡಲಿಗೆ ಕೊಡುವ ಎಚ್ಚರಿಕೆಯಲ್ಲಿ ನಮ್ಮ ಅಳಿವೆಯ ಎದುರಿಗೇ ಗಾಳಿ ಬೀಸಬೇಕೆಂದಿಲ್ಲ. ಹಾಗಂತ ಮುಂದಿನ ಸಲ ಕೇಳದೇ ಇದ್ದರೆ, ನಿಜವಾಗಿ ಬೀಸಿದ ದಿನ ಹೋಗುವುದು ದುಡಿಮೆ ಮಾತ್ರ ಆಗಿರುವುದಿಲ್ಲ.

ಬೋಟು ಹೊರಡುವ ಮೊದಲು ಐಸ್ ಪ್ಲಾಂಟ್, ಡೀಸೆಲ್ ಬಂಕ್, ದಿನಸಿ ಅಂಗಡಿ, ಬಲೆ ಅಂಗಡಿಗೆ ಬಂದೇ ಬರುತ್ತಾರೆ. ಅಲ್ಲೊಂದು ಕರಿಹಲಗೆ ಸಾಕು. ಇವತ್ತಿನ ದಿನಾಂಕ, ಯಾವ ಕಡಲಿಗೆ ಎಚ್ಚರಿಕೆ, ಗಾಳಿ ಎಷ್ಟು, ಅಲೆ ಎಷ್ಟು, ಯಾವ ದಿನದವರೆಗೆ ಎಂಬ ಐದು ಸಾಲು ಬರೆಯಿರಿ. ಅವಧಿ ಮುಗಿದ ಕೂಡಲೇ ಅಳಿಸಿ, ಹಳೆಯ ಎಚ್ಚರಿಕೆ ಉಳಿದರೆ ಹೊಸದನ್ನು ಯಾರೂ ಓದುವುದಿಲ್ಲ. ಒಂದು ಟ್ರಾನ್ಸಿಸ್ಟರ್, ಎರಡು ಜೊತೆ ಸೆಲ್ ಅಂಗಡಿಯಲ್ಲಿ ಇಟ್ಟರೆ ಅದಕ್ಕೂ ಗಿರಾಕಿ ಇದ್ದಾರೆ.

ಮನೆಯವರು ಬೋಟಿನ ಹೆಸರು, ನೋಂದಣಿ ಸಂಖ್ಯೆ, ಎಷ್ಟು ಜನ, ಯಾವ ಕಡೆ ಹೋಗಿದ್ದಾರೆ, ಯಾವತ್ತು ಬರಬೇಕು ಎಂಬುದನ್ನು ಬರೆದಿಟ್ಟುಕೊಳ್ಳಿ. ಹೇಳಿದ ದಿನ ಬರದಿದ್ದರೆ ನಾಳೆ ನೋಡೋಣ ಅಂತ ಕೂರಬೇಡಿ.

ಕೋಸ್ಟ್ ಗಾರ್ಡ್ ರಕ್ಷಣಾ ಕರೆ: 1554
ಕರಾವಳಿ ಕಾವಲು ಪೊಲೀಸ್: 1093

ಈ ಎರಡು ನಂಬರ್ ಅಂಗಡಿಯ ಗೋಡೆ ಮೇಲೂ ಇರಲಿ, ಬೋಟಿನ ಕ್ಯಾಬಿನ್ನಿನಲ್ಲೂ ಇರಲಿ. ವಾರ್ತೆಯ ಕೊನೆಯ ಆ ಸಾಲು ಕೇಳಿದಾಗ, ಕಡಲಿನಲ್ಲಿ ನಿಮ್ಮ ಗುರುತಿನವರು ಯಾರಾದರೂ ಇದ್ದಾರಾ ಅಂತ ಒಮ್ಮೆ ನೆನಪು ಮಾಡಿಕೊಳ್ಳಿ. ಇದ್ದರೆ, ಅವರ ಮನೆಗೋ ಬೋಟಿನ ಮಾಲಕರಿಗೋ ಒಂದು ಫೋನ್ ಮಾಡಿ.